ಹುಳುಮನೆಯಲ್ಲಿ ಔಷಧಿ

ನಮ್ಮ ಕಡೆ ‘ಔಷಧಿ ಹೊಡೆಯೋದು’ ಅಂದರೆ ಬೆಳೆಗೆ ವಿಷ ಸಿಂಪಡಿಸುವುದು ಎಂದೇ ಅರ್ಥ. ಈ ಒಂದು ಮಾತಿನಿಂದ ನನ್ನ ಪ್ರಾಣವೇ ಹೋಗುತ್ತಿತ್ತು.

ಬೈರಾಪಟ್ಟಣದಾಚೆಯ ಹಳ್ಳಿಗೆ ಸೊಸೆಯಾಗಿ ಬಂದವಳು ನಾನು. ಮನೆಯ ಅನ್ನವೆಲ್ಲ ರೇಷ್ಮೆಹುಳುವಿನದು. ಹುಳುಮನೆಗೆ ಕಾಲಿಟ್ಟರೆ ಸಾಕು, ನನಗೆ ಸೀನು, ಕೆಮ್ಮು, ಆಮೇಲೆ ದಮ್ಮು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತೆ ಗೊಣಗುತ್ತಿದ್ದರು. ರಾಮನಗರದ ಡಾಕ್ಟರು ಬಿಡಿಸಿ ಹೇಳಿದರು: ಹುಳುವಿನ ಮೈಯಿಂದ ಏಳುವ ಧೂಳು ಬಡಪಾಯಿ; ನನ್ನ ದೇಹ ಅದನ್ನು ಕಳ್ಳನೆಂದು ತಿಳಿದಿದೆ. ಉಸಿರುನಾಳದ ಗೋಡೆಯ ಕಣಗಳು ಕೂಗು ಹಾಕುತ್ತವೆ, ರಕ್ತದಲ್ಲಿನ ಕಾವಲು ಕಣಗಳು ದೊಣ್ಣೆ ಹಿಡಿದು ನುಗ್ಗುತ್ತವೆ, ಬಂದವು ಇನ್ನಷ್ಟು ಕಣಗಳನ್ನು ಕರೆಯುತ್ತವೆ. ಕಳ್ಳನಿಲ್ಲ, ಏಟು ಬೀಳುವುದು ಮನೆಗೇ. ನಾಳ ಊದಿಕೊಂಡು, ಲೋಳೆ ತುಂಬಿ, ಸುತ್ತಲ ಸ್ನಾಯು ಹಿಂಡುತ್ತದೆ. ಒತ್ತಿದರೆ ಪುಸ್ಸೆಂದು ಔಷಧಿ ಚಿಮ್ಮುವ ಪಂಪು ಕೊಟ್ಟು, ಹುಳುಮನೆಗೆ ಹೋಗಬೇಡ ಎಂದರು. ಹೋಗದೆ ಉಣ್ಣುವುದು ಹೇಗೆಂದು ಅವರು ಹೇಳಲಿಲ್ಲ.

ಒಂದು ಮಧ್ಯಾಹ್ನ ಹುಳು ಹಣ್ಣಾಗಿ, ನೂಲು ಬಿಡಲು ಸಿದ್ಧವಾಗಿದ್ದವು. ನಾನೂ ಅತ್ತೆಯೂ ಅವನ್ನು ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿದ್ದೆವು. ಇದ್ದಕ್ಕಿದ್ದಂತೆ ಯಾರೋ ಎದೆಯ ಮೇಲೆ ಕೂತು ಕತ್ತು ಹಿಚುಕಿದಂತಾಯಿತು. ಬಾಗಿಲವರೆಗೆ ನಡೆಯುವ ಶಕ್ತಿ ಇರಲಿಲ್ಲ. ಸೆರಗಿನ ಗಂಟಿನಿಂದ ಪಂಪು ತೆಗೆದೆ. ಸೊಳ್ಳೆಬತ್ತಿಯ ಹೊಗೆಗೂ ಹುಳು ಸಾಯುವುದನ್ನು ಕಂಡವರು ಅತ್ತೆ. ನನ್ನ ಮಣಿಕಟ್ಟು ಹಿಡಿದು ತಿರುಚಿದರು.

“ಇಲ್ಲಿ ಔಷಧಿ ಹೊಡೀಬ್ಯಾಡ ಕಣೇ, ಹುಳ ಎಲ್ಲಾ ಸತ್ತೋಯ್ತವೆ.”

ಬೇಡಿಕೊಳ್ಳಲು ಉಸಿರಿರಲಿಲ್ಲ. ಕಣ್ಣು ಕತ್ತಲಿಡುವಾಗ ಅವರ ಕೈಗೆ ಬಾಯಿ ಹಾಕಿದೆ. ರಕ್ತದ ರುಚಿ ಬಂದರೂ ಹಲ್ಲು ಸಡಿಲಿಸಲಿಲ್ಲ. ನನಗೆ ಸಿಟ್ಟಿತ್ತು, ಕೊಲ್ಲುವಷ್ಟು ಸಿಟ್ಟು. ಅವರು ಕಿರುಚಿ ಹಿಡಿತ ಬಿಟ್ಟರು. ಹುಳುವಿನ ತಟ್ಟೆಗಳು ಉರುಳಿಬಿದ್ದವು, ಹುಳುಗಳು ನಮ್ಮ ಕಾಲಡಿ ಪಿಚಕ್ಕೆಂದು ಒಡೆದವು. ಗೋಡೆಗೊರಗಿ ಪಂಪು ಬಾಯಿಗಿಟ್ಟು ಎಳೆದುಕೊಂಡೆ, ಮತ್ತೆ ಎಳೆದುಕೊಂಡೆ.

ನಿಧಾನವಾಗಿ ಉಸಿರು ಬಂತು. ಉಳಿದ ಹುಳುಗಳು ಏನೂ ಆಗಿಲ್ಲವೆಂಬಂತೆ ತಲೆಯಾಡಿಸುತ್ತ ನೂಲು ಬಿಡುತ್ತಲೇ ಇದ್ದವು. ಅತ್ತೆ ಅವನ್ನೇ ಬಹಳ ಹೊತ್ತು ನೋಡಿದರು. ಆಮೇಲೆ ಕೈಗೆ ಅರಿಸಿನ ಮೆತ್ತಿಕೊಂಡು, ಜಗಲಿಯಲ್ಲಿ ನನ್ನ ಪಕ್ಕ ಬಂದು ಕೂತರು. ಬೈಯುತ್ತಾರೆಂದು ಕಾದೆ.

“ಕಚ್ಚಿದ್ದು ಒಳ್ಳೇದಾಯ್ತು ಕಣವ್ವ,” ಎಂದರು. “ಇಲ್ದಿದ್ರೆ ನಾ ಕೈ ಬುಡ್ತಿರ್ಲಿಲ್ಲ.”