ಗ್ಯಾಸಿಗೆ ಹೆಸರು ಕೊಟ್ಟ ಅತ್ತೆ

ಸೊಸೆ ರೇಖಾ ನಿನ್ನೆಯಿಂದ ಫೋನ್ ಹಿಡಿದುಕೊಂಡು ಕೂತಿದ್ದಾಳೆ. ಸಂಜೆ ಕಾಲೇಜಿಗೆ ಸೇರಿ ಲಾ ಓದಬೇಕೆಂಬುದು ಅವಳ ಬಹಳ ದಿನದ ಆಸೆ. ಪರದೆಯ ಮೇಲೆ ‘ಸೈನ್ ಅಪ್’ ಎಂಬ ಹಸಿರು ಗುಂಡಿ ಕಾಣುತ್ತಿದೆ. ಬೆರಳು ಅದರ ಹತ್ತಿರ ಹೋಗುತ್ತದೆ, ಹಾಗೇ ಹಿಂದಕ್ಕೆ ಬರುತ್ತದೆ. ಇಂಥ ಗುಂಡಿಗಳನ್ನು ನೀವು ದಿನಾ ಯೋಚಿಸದೆ ಒತ್ತುತ್ತೀರಿ. ನನಗೆ ಮಾತ್ರ ಅದನ್ನು ಕಂಡಾಗಲೆಲ್ಲ ಸೌದೆ ಹೊಗೆಯ ವಾಸನೆ ಬರುತ್ತದೆ. ಎತ್ತಣಿಂದೆತ್ತ ಸಂಬಂಧ ಅಂತೀರಾ? ಹೇಳುತ್ತೇನೆ, ಸ್ವಲ್ಪ ಕೂತುಕೊಳ್ಳಿ.

ಎಪ್ಪತ್ತರ ದಶಕದ ಮಾತು. ಸಾರಕ್ಕಿಯಲ್ಲಿ ಆಗಿನ್ನೂ ರಾಗಿ ಹೊಲಗಳಿದ್ದವು. ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟ ನಾನು ಅಲ್ಲಿಗೆ ಸೊಸೆಯಾಗಿ ಬಂದೆ. ಹೇಗಾದರೂ ಎಸ್ಸೆಸ್ಸೆಲ್ಸಿ ಮುಗಿಸಬೇಕೆಂಬ ಹುಚ್ಚು. ಯಜಮಾನರಿಗೆ ಹೇಳಿದರೆ, “ಅಮ್ಮನ್ನ ಕೇಳು” ಎಂದು ಕಾರ್ಖಾನೆಯ ಬಸ್ಸು ಹತ್ತಿಬಿಡುತ್ತಿದ್ದರು. ಅತ್ತೆಯನ್ನು ಕೇಳುವಷ್ಟು ಎದೆ ನನಗೆಲ್ಲಿತ್ತು! ಮೊದಲು ಇಂಗ್ಲಿಷಾದರೂ ಕಲಿಯೋಣ ಎಂದುಕೊಂಡೆ. ಜಯನಗರದಲ್ಲಿ ಕಮಲಮ್ಮ ಎಂಬ ನಿವೃತ್ತ ಟೀಚರ್ ತಮ್ಮ ಮನೆಯ ವರಾಂಡದಲ್ಲಿ ಹೆಂಗಸರಿಗೆ ಪಾಠ ಹೇಳುತ್ತಿದ್ದರು. ಅತ್ತೆ ಅಷ್ಟಕ್ಕೆ ಒಪ್ಪಿದರು, ಆದರೆ ತಾವೂ ಬರುವುದಾಗಿ ಹಟ ಹಿಡಿದರು. “ಹೊಸ ಸೊಸೆ ಒಬ್ಳೇ ಹೋದ್ರೆ ಊರೋರು ಏನಂದಾರು?” ಎಂದು ಮೊರ ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟೇಬಿಟ್ಟರು. ನಾವು ಪಾಠ ಕೇಳುವಾಗ ಅವರು ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು.

ಕಮಲಮ್ಮನವರ ಪಾಠದ ರೀತಿಯೇ ಬೇರೆ. ವಾರಕ್ಕೊಂದು ಮಾತು ಕಲಿಸಿ, “ಇದನ್ನ ಮಾಡಿ ಬಂದು ಹೇಳಿ” ಎನ್ನುವರು. ‘ಗೆಟ್ ಅಪ್’ ಕಲಿತ ವಾರ ನಾನು ಕೋಳಿ ಕೂಗುವ ಮೊದಲೇ ಎದ್ದೆನೆಂದು ಬೀಗಿದೆ. ಮೆಟ್ಟಿಲ ಕಡೆಯಿಂದ, “ಸುಳ್ಳು ಟೀಚರಮ್ಮ, ನಾನೇ ಎಬ್ಸಿದ್ದು” ಎಂದು ಕೇಳಿಸಿತು. ನನ್ನ ಮಾನ ಹೋಯಿತು.

ಆಮೇಲೊಂದು ವಾರ ‘ಸೈನ್ ಅಪ್’ ಬಂತು. ಕ್ಲಾಸಿಗೆ, ಕೆಲಸಕ್ಕೆ, ಸಂಘಕ್ಕೆ, ಸೈನ್ಯಕ್ಕೆ, ಎಲ್ಲಕ್ಕೂ ಆ ಮಾತು ಸಲ್ಲುತ್ತದಂತೆ. “ಬೇರೆಯವ್ರು ಸೇರಿಸೋದಲ್ಲ ಕಣ್ರೀ, ನಾವೇ ಮನಸ್ಸು ಮಾಡಿ ಹೆಸರು ಕೊಡೋದು” ಎಂದರು ಟೀಚರ್. ನಾನು ಪೆಚ್ಚಾದೆ. ಶಾಲೆಗೆ ಅಪ್ಪ ಸೇರಿಸಿದ್ದರು, ಈ ಮನೆಗೆ ಹಿರಿಯರು ಸೇರಿಸಿದ್ದರು. ನಾನಾಗಿ ಎಲ್ಲಿಯೂ ಹೆಸರು ಕೊಟ್ಟವಳಲ್ಲ. “ಮುಂದಿನ ವಾರದೊಳಗೆ ಎಲ್ರೂ ಎಲ್ಲಾದ್ರೂ ಹೆಸರು ಕೊಟ್ಟು ಬನ್ನಿ. ಮೆಟ್ಟಿಲ ಮೇಲೆ ಕೂತೋರೂ ಅಷ್ಟೇ!” ಎಂದು ಟೀಚರ್ ನಕ್ಕರು.

ದಾರಿಯಲ್ಲಿ ಧೈರ್ಯ ಮಾಡಿ ಕೇಳಿದೆ. “ಅತ್ತೆ, ಎಸ್ಸೆಸ್ಸೆಲ್ಸಿಗೆ ಹೆಸರು ಕೊಡ್ಲಾ?”

“ಕೊಡು. ಒಲೆ ಮುಂದೆ ಯಾರು ಕೂತ್ಕಂತಾರೆ?”

ತಪ್ಪೇನೂ ಹೇಳಲಿಲ್ಲ. ಹಸಿ ಸೌದೆ ಊದಿ ಊದಿ ಮನೆಮಂದಿಗೆಲ್ಲ ಮುದ್ದೆ ಬೇಯಿಸುವಷ್ಟರಲ್ಲಿ ನನ್ನ ದಿನವೇ ಮುಗಿಯುತ್ತಿತ್ತು. ಗ್ಯಾಸಿನ ಮಾತೆತ್ತಿದರೆ ಅತ್ತೆ ಮೈಮೇಲೇ ಏರಿ ಬರುತ್ತಿದ್ದರು. “ಮನೇಲಿ ಬಾಂಬ್ ಇಟ್ಕಂಡು ಯಾರಾದ್ರೂ ಅನ್ನ ಮಾಡ್ತಾರಾ?” ಎಂಬುದು ಅವರ ವಾದ. ಅದೂ ಅಲ್ಲದೆ ಆಗಿನ ಕಾಲದಲ್ಲಿ ಹೆಸರು ಬರೆಸುವುದೆಂದರೆ ಕಾಯುವುದೆಂದೇ ಅರ್ಥ. ಸ್ಕೂಟರು, ಟೆಲಿಫೋನು, ಸೈಟು, ಗ್ಯಾಸು, ಯಾವುದಕ್ಕೆ ಬರೆಸಿದರೂ ವರ್ಷಗಟ್ಟಲೆ ದಾರಿ ನೋಡಬೇಕು.

ಮುಂದಿನ ಪಾಠದ ದಿನ ಒಬ್ಬೊಬ್ಬರೂ ಎದ್ದು ಹೇಳಿದರು. ಒಬ್ಬರು ಸಂಗೀತಕ್ಕೆ ಸೇರಿದ್ದರು, ಇನ್ನೊಬ್ಬರು ಹೊಲಿಗೆಗೆ. ನನ್ನ ಸರದಿ ಬಂದಾಗ ಎದ್ದೇನೋ ನಿಂತೆ, ಆದರೆ ನಾನು ಎಲ್ಲಿಯೂ ಹೆಸರು ಕೊಟ್ಟಿರಲಿಲ್ಲ. ಆಗ ಹಿಂದೆ ಮೊರ ಕೆಳಗಿಟ್ಟ ಸದ್ದಾಯಿತು.

“ಟೀಚರಮ್ಮ, ನಾನು ಸೈನಪ್ ಆಗಿವ್ನಿ” ಎಂದರು ಅತ್ತೆ.

“ಭೇಷ್! ಯಾವುದಕ್ಕಮ್ಮ?”

“ಗ್ಯಾಸಿಗೆ.”

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಟೀಚರಿಗೂ ಆಶ್ಚರ್ಯ. “ಅದು ಬರೋಕೆ ವರ್ಷಗಟ್ಲೆ ಆಗತ್ತಲ್ಲಮ್ಮ?”

“ಬಂದಾಗ ಬರ್ಲಿ ಬುಡಿ. ಅಲ್ಲೀಗಂಟ ಒಲೆ ನಂದು” ಎಂದು ಅತ್ತೆ ನನ್ನ ಕಡೆ ತಿರುಗಿದರು. “ಕಣ್ಣು ಕಣ್ಣು ಬುಡ್ತಾ ನಿಂತ್ಕಬೇಡ. ನಾಳೆ ಹೋಗಿ ನಿನ್ ಹೆಸ್ರು ಕೊಟ್ಟು ಬಾ.”

ಅಷ್ಟು ಜನರ ಮುಂದೆ ಗೊಳೋ ಎಂದು ಅತ್ತುಬಿಟ್ಟೆ. ಮರುದಿನ ಹೋಗಿ ಹೆಸರು ಕೊಟ್ಟೆ. ನಾನು ಪುಸ್ತಕ ಹಿಡಿದರೆ ಅತ್ತೆ ಊದುಗೊಳವೆ ಹಿಡಿಯುವರು, ಹೊಗೆಗೆ ಕಣ್ಣು ಕೆಂಪಾಗಿರುತ್ತಿತ್ತು. ಮೊದಲ ಸಲ ಲೆಕ್ಕದಲ್ಲಿ ಢುಮ್ಕಿ ಹೊಡೆದೆ. “ಗ್ಯಾಸೂ ಬಂದಿಲ್ವಲ್ಲ, ಇನ್ನೊಂದ್ ಕಿತ ಕಟ್ಟು” ಎಂದರು, ಅಷ್ಟೇ. ಎರಡನೇ ಸಲ ಪಾಸಾದೆ. ಆ ಬಲದ ಮೇಲೆಯೇ ಮುಂದೆ ಓದಿ, ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ, ನಾಲ್ಕು ಜನರ ಎದುರು ತಲೆಯೆತ್ತಿ ನಿಂತೆ. ಗ್ಯಾಸು ಬಂದದ್ದು ಪಾಸಾದ ಎಷ್ಟೋ ದಿನದ ಮೇಲೆ. ಅದನ್ನು ಹಚ್ಚಲು ಅತ್ತೆಗೆ ಕೊನೆಯವರೆಗೂ ಭಯವೇ. ಬಾಗಿಲಾಚೆ ನಿಂತು, “ನೀನೇ ಗೀರವ್ವ” ಎನ್ನುತ್ತಿದ್ದರು. ಅಷ್ಟು ಹೆದರುತ್ತಿದ್ದ ವಸ್ತುವಿಗೆ ನನಗೋಸ್ಕರ ಹೆಸರು ಕೊಟ್ಟ ಪುಣ್ಯಾತ್ಗಿತ್ತಿ ಅವರು.

“ಬೇಡ ಬಿಡಿ ಅತ್ತೆ” ಎಂದು ರೇಖಾ ಈಗ ಫೋನನ್ನು ಮಗುಚಿಟ್ಟಳು. “ಸಂಜೆ ಕ್ಲಾಸಿಗೆ ಹೋದ್ರೆ ಅಡುಗೆ ಯಾರು ಮಾಡ್ತಾರೆ?”

ನಿಜ ಹೇಳಲೇ, ನಿನ್ನೆಯಿಂದ ನನ್ನ ತಲೆಯಲ್ಲೂ ಅದೇ ಪ್ರಶ್ನೆ ಓಡಾಡುತ್ತಿತ್ತು. ಮಂಡಿ ನೋವು ಬೇರೆ. ಆದರೂ ಎದ್ದು ಹೋಗಿ ಫೋನನ್ನು ತೆಗೆದು ಅವಳ ಕೈಗಿಟ್ಟೆ.

“ಒಲೆ ನಂದು ಕಣಮ್ಮ. ನೀನು ಒತ್ತು.”