ಸೋಮವಾರದ ಅಳತೆ

ರತ್ನ, ನಿನ್ನ ಪ್ರೋಗ್ರಾಮಿನಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನದು — ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ.

ಶಿರಾದ ಆ ಚಿಕ್ಕ ಆಫೀಸು ನೆನಪಿದೆಯಲ್ಲ? ಸುತ್ತಲ ಹಳ್ಳಿಗಳ ಹಾಲಿನ ಡೈರಿಗಳಿಗೆ ನಾವು ಸಾಫ್ಟ್‌ವೇರ್ ಮಾಡಿಕೊಡುತ್ತಿದ್ದೆವು. ಯಾರು ಎಷ್ಟು ಹಾಲು ಹಾಕಿದರು ಎಂದು ದಾಖಲಿಸುವ ಪ್ರೋಗ್ರಾಮು ನಿನ್ನದು. ಅದನ್ನು ಸರ್ವರಿನ ಒಂದು ಕಂಟೇನರಿನಲ್ಲಿ, ಅಂದರೆ ಅದಕ್ಕೆಂದೇ ಬೇರ್ಪಡಿಸಿದ ಜಾಗದಲ್ಲಿ ಕೂರಿಸಿ, ಇಷ್ಟೇ ಮೆಮೊರಿ ಬಳಸಬೇಕು ಎಂದು ಮಿತಿ ಹಾಕುವುದು ನನ್ನ ಕೆಲಸ. ಮಿತಿ ದಾಟಿದ ಪ್ರೋಗ್ರಾಮನ್ನು ಸರ್ವರ್ ಮುಲಾಜಿಲ್ಲದೆ ಕೊಂದುಬಿಡುತ್ತದೆ.

ನಾನು ಮಿತಿ ಹಾಕಿದ್ದು ಒಂದು ಸೋಮವಾರದ ಬಳಕೆ ನೋಡಿ. ನಿಮ್ಮ ಬರಗೂರಿನ ಕಡೆ ಎಷ್ಟೋ ಮನೆಗಳಲ್ಲಿ ಸೋಮವಾರದ ಹಾಲು ದೇವರಿಗೆ ಮೀಸಲು, ಡೈರಿಗೆ ಹಾಕುವುದಿಲ್ಲ — ಬಸ್‌ಸ್ಟ್ಯಾಂಡಿನಲ್ಲಿ ನೀನೇ ಹೇಳಿದ್ದೆ. ನಾನು ತಲೆಯಾಡಿಸಿದ್ದೆ. ನಿಜ ಹೇಳಲೇ? ನಾನು ಹತ್ತಬೇಕಾದ ಮಧುಗಿರಿಯ ಬಸ್ಸನ್ನು ಬೇಕೆಂದೇ ಬಿಟ್ಟು ನಿಲ್ಲುತ್ತಿದ್ದವನು ಕೇಳುತ್ತಿದ್ದುದು ನಿನ್ನ ದನಿಯನ್ನು, ಮಾತು ತಲೆಯಲ್ಲಿ ನಿಲ್ಲುತ್ತಿರಲಿಲ್ಲ.

ಸೋಮವಾರದ ಕಡಿಮೆ ಹಾಲಿಗೆ ಹಾಕಿದ ಮಿತಿ ಸಾಲದೆ, ಉಳಿದ ದಿನಗಳಲ್ಲಿ ಹಾಲಿನವರು ಸಾಲುಗಟ್ಟುತ್ತಲೇ ಪ್ರೋಗ್ರಾಮು ಸಾಯುತ್ತಿತ್ತು. ಮಾಲೀಕರು ರೇಗಿದರು: "ಏನಮ್ಮ ಇದು, ಬೆಳಗಾದ್ರೆ ಸಾಕು ನಿಂತೋಯ್ತೈತೆ! ಡೈರಿಯೋರು ಫೋನ್ ಮಾಡಿ ಉಗೀತಾವ್ರೆ."

ನೀನು ನನ್ನ ಕಡೆ ತಿರುಗಿದೆ. "ನೀನಾರ ಹೇಳು, ತಪ್ಪು ಎಲ್ಲೈತೆ?"

ಅಂದು ಬೆಳಿಗ್ಗೆಯೇ ನಾನು ಸರ್ವರ್ ತಾನಾಗಿ ಬರೆದಿಡುವ ಲಾಗ್ ನೋಡಿದ್ದೆ. ಮೆಮೊರಿ ಮಿತಿ ಮೀರಿತು, ಅದಕ್ಕೇ ಕೊಂದೆ — ಸೋಮವಾರವೊಂದನ್ನು ಬಿಟ್ಟು ದಿನವೂ ಹೀಗೆ ಸ್ಪಷ್ಟವಾಗಿಯೇ ಇತ್ತು. ಆದರೆ ಮೆಮೊರಿ ಉಳಿಸಿದ ಜಾಣ ಎಂದು ಮಾಲೀಕರು ಆಗಷ್ಟೇ ನನ್ನ ಬೆನ್ನು ತಟ್ಟಿದ್ದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಕುಣಿಯಲಾರದವನು ನಾನು. "ನಿನ್ ಕೋಡ್‌ನಾಗೇ ಎಲ್ಲೋ ಮೆಮೊರಿ ಸೋರ್ತೈತೆ, ನೋಡ್ಕೊ" ಅಂದೆ.

ನೀನು ನಂಬಿದೆ. ಊಟ ಬಿಟ್ಟು, ಒಂದೊಂದು ಸಾಲನ್ನೂ ತಿರುವಿ ಹಾಕಿ, ಇಲ್ಲದ ತಪ್ಪನ್ನು ಹುಡುಕಿದೆ. ನಾನು ಪಕ್ಕದಲ್ಲೇ ಕೂತು ಟೀ ಕುಡಿದೆ. ಕೊನೆಗೊಂದು ದಿನ ನೀನು "ಈ ವಿದ್ಯೆ ನನ್ ತಲೆಗೆ ಹತ್ತಾಕಿಲ್ಲ ಬುಡು" ಎಂದು ಕೆಲಸ ಬಿಟ್ಟು ಹೊರಟೆ. ತಡೆಯಲು ನನ್ನ ಒಂದು ಮಾತು ಸಾಕಿತ್ತು —

ಈಗ ಕೊಳಾಲದಲ್ಲಿ ಅಕ್ಕನ ಹೊಲಿಗೆ ಅಂಗಡಿಯಲ್ಲಿದ್ದೀಯಂತೆ. ಯಾರಾದರೂ ಕಂಪ್ಯೂಟರಿನ ಮಾತೆತ್ತಿದರೆ ಎದ್ದು ಒಳಗೆ ಹೋಗುತ್ತೀಯಂತೆ. ನಾನಿನ್ನೂ ಅದೇ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುತ್ತೇನೆ. ಬರಗೂರಿನ ಬಸ್ಸು ಬಂದರೆ, ನೀನು ಅದರಲ್ಲಿರುವುದಿಲ್ಲ ಎಂದು ಗೊತ್ತಿದ್ದೂ, ಒಂದೊಂದು ಕಿಟಕಿಯನ್ನೂ ನೋಡುತ್ತೇನೆ. ನಿನ್ನ ನೆನಪು ತುಂಬಾ ಕಾಡುತ್ತದೆ, ರತ್ನ. ಹಾಗೆ ಹೇಳಿಕೊಳ್ಳುವ ಹಕ್ಕನ್ನೂ ನಾನು ಉಳಿಸಿಕೊಂಡಿಲ್ಲ.

ನಿನ್ನೆ ಮಾಲೀಕರಿಗೆ ಎಲ್ಲ ಹೇಳಿದೆ. ಆದರೆ ಇದು ಮೊದಲು ಗೊತ್ತಾಗಬೇಕಿದ್ದುದು ನಿನಗೆ. ನೀನು ಹೋದ ಮರುದಿನ ನಾನು ಸದ್ದಿಲ್ಲದೆ ಮಿತಿ ಏರಿಸಿದೆ. ಪ್ರೋಗ್ರಾಮು ಸರಿ ಮಾಡಿದ ಎಂದು ಎಲ್ಲರೂ ಹೊಗಳಿದರು, ನಾನು ಹೊಗಳಿಸಿಕೊಂಡೆ. ಅದರ ಒಂದಕ್ಷರವನ್ನೂ ನಾನು ಮುಟ್ಟಿರಲಿಲ್ಲ. ಇವತ್ತು ಬೆಳಿಗ್ಗೆಯೂ ಅಷ್ಟೂ ಡೈರಿಗಳಲ್ಲಿ ಹಾಲಿನ ಲೆಕ್ಕ ಹಿಡಿದದ್ದು ನೀನು ಬರೆದಿಟ್ಟು ಹೋದ ಅದೇ ಪ್ರೋಗ್ರಾಮು.