ಜೋಳದ ಚೀಲವಿಲ್ಲದ ಮನೆಗೆ ಹೆಣ್ಣು

ಮೈದುನನಿಗೆ ಹೆಣ್ಣು ಕೊಡುವವರು ಯಾದಗಿರಿ ಕಡೆಯ ಹಳ್ಳಿಯಿಂದ ನಮ್ಮ ಮನೆ ನೋಡಲು ಬಂದರು. ಹುಡುಗಿಯ ಅಪ್ಪ, ಜೊತೆಗೆ ಅಜ್ಜಿ. ಹುಡುಗ ಹುಡುಗಿ ಒಪ್ಪಿಯಾಗಿತ್ತು, ಅಜ್ಜಿ ಹೂಂ ಅನ್ನುವುದೊಂದು ಬಾಕಿ. ಹಿಂದಿನ ಸಂಬಂಧಗಳು ಕೈತಪ್ಪಿದ್ದರಿಂದ ಮೈದುನ ಬೆಳಿಗ್ಗೆಯಿಂದ ಅಂಗಿ ಬದಲಿಸುತ್ತಲೇ ಇದ್ದ. ನಾನು ದೇವರಿಗೆ ಒಂದು ಬತ್ತಿ ಹೆಚ್ಚಿಗೆ ಹಚ್ಚಿದ್ದೆ.

ಶಹರದ ಕಾಚಿಗೂಡದ ನಮ್ಮ ಬಾಡಿಗೆ ಮನೆಯಲ್ಲಿ ಇರುವುದೇ ಎರಡು ಕೋಣೆ. ಅಜ್ಜಿ ಫ್ರಿಜ್ಜು, ಟಿವಿಗಳ ಕಡೆ ಕಣ್ಣೂ ಹಾಯಿಸಲಿಲ್ಲ. ನೇರ ಅಡುಗೆಮನೆಗೆ ನಡೆದು ಡಬ್ಬಿಗಳ ಮುಚ್ಚಳ ತೆಗೆಯತೊಡಗಿದರು. ತಿಂಗಳ ಕೊನೆ ನೋಡಿ, ಬೇಳೆ ತಳ ಕಂಡಿತ್ತು.

“ಜ್ವಾಳದ ಚೀಲ ಎಲ್ಲಿಟ್ಟೀಯವ್ವಾ?”

“ಚೀಲ ಇಲ್ರಿ ಅಮ್ಮಾ. ಬೇಕಾದಾಗ ಅಂಗಡ್ಯಾಗ ತರ್ತೀವಿ.”

ಅಜ್ಜಿ ಹೊರಗೆ ಬಂದು ಮಗನ ಕಿವಿಯಲ್ಲಿ ಹೇಳಿದ್ದು ಕೆಳಗಿನ ಮನೆಯವರಿಗೂ ಕೇಳಿಸಿತು. “ಪಾಪ, ಭಾಳ ಬಡವರದಾರೋ. ನಮ್ಮ ಕೂಸು ಉಪಾಸ ಬೀಳ್ತೈತಿ.”

ಮೈದುನನ ಎರಡು ತಿಂಗಳ ಸಂಬಳವೇ ತಮಗೆ ವರ್ಷದ ಬೆಳೆಯಿಂದ ಉಳಿಯುವ ದುಡ್ಡು ಎಂದು ಹುಡುಗಿಯ ಅಪ್ಪನಿಗೆ ಗೊತ್ತಿತ್ತು. “ಸುಮ್ಕಿರವ್ವಾ, ಇವ್ರ ಮುಂದ ನಾವೇ ಬಡವರು,” ಎಂದರು. ತಮ್ಮ ಮನೆ ತುಂಬ ಜೋಳದ ಚೀಲ ಒಟ್ಟಿ ಬಂದಾಕೆ ನಂಬುವುದುಂಟೇ? ಮೈದುನ ಮೊಬೈಲಿನಲ್ಲಿ ಸಂಬಳದ ಮೆಸೇಜು ತೋರಿಸಲು ಹೋದ.

“ಇದನ್ನ ಬೀಸಿ ರೊಟ್ಟಿ ಬಡೀತೀಯೇನಪಾ?”

ನಾನು ಇದ್ದದ್ದನ್ನೇ ಹೇಳಿದೆ. “ಅಮ್ಮಾ, ನಿಮಗ ವರ್ಷಕ್ಕೊಮ್ಮೆ ಸುಗ್ಗಿ. ನಮಗ ಪ್ರತಿ ಒಂದನೇ ತಾರೀಖಿಗೆ ಬರ್ತೈತ್ರಿ.”

“ಮಳಿ ಆಗದಿದ್ರ?”

“ಆಗೂ ಬರ್ತೈತ್ರಿ.”

“ಹುಳ ಹತ್ತಿದ್ರ?”

“ಸಂಬಳಕ್ಕ ಹುಳ ಹತ್ತೂದಿಲ್ರಿ.”

“ಬಾಡಿಗಿ ಹತ್ತತೈತಿ,” ಎಂದು ನಮ್ಮವರು ಮೂಲೆಯಿಂದ ಗೊಣಗಿದರು. ಪುಣ್ಯಕ್ಕೆ ಅಜ್ಜಿಗೆ ಕೇಳಿಸಲಿಲ್ಲ.

ಅಜ್ಜಿ ಬಾಯಲ್ಲಿದ್ದ ಎಲೆಅಡಿಕೆ ಪೂರ್ತಿ ನುರಿಸಿದರು. ಮೈದುನ ಅಂಗಿಯ ಗುಂಡಿ ತಿರುವುತ್ತ ಕೂತಿದ್ದ.

“ಹಂಗಾರ ಕೊಡೂಣು. ಆದ್ರ ಕೂಸಿನ ಜೋಡಿ ವರ್ಷಕ್ಕ ಮೂರು ಚೀಲ ಜ್ವಾಳ ಬರ್ತಾವ. ಬ್ಯಾಡ ಅನಬಾರದು.”

ಮೈದುನ ಆಗಲೇ ಹೂಂ ಅಂದಾಗಿತ್ತು!

ಮದುವೆಯಾಯಿತು, ಚೀಲಗಳೂ ಬಂದವು. ಮಂಚದ ಕೆಳಗೆ ಹಿಡಿಸಲಿಲ್ಲ, ಹೊರಗಿಟ್ಟರೆ ಇಲಿ ಕಾಟ. ಕೊನೆಗೆ ದೇವರ ಮೂಲೆಯಲ್ಲಿ ನಿಂತವು. ವಾರಗಿತ್ತಿ ರೊಟ್ಟಿ ಬಡಿಯುವಾಗ ನಾನು ಚೀಲಕ್ಕೆ ಬೆನ್ನು ಆನಿಸಿ ಜಪಕ್ಕೆ ಕೂರುತ್ತೇನೆ. ಭಗವಂತನ ದಯೆ, ಜಪ ಈಗ ಮೊದಲಿಗಿಂತ ಹೆಚ್ಚು ಹೊತ್ತು ನಡೆಯುತ್ತದೆ. ಅದರಲ್ಲಿ ತುಸು ತೂಕಡಿಕೆಯೂ ಸೇರಿದೆ.